ಪಾಯಿಂಟೋ, ಎಲೆಕ್ಟ್ರಾನಿಕ್ಕೋ? ನಮ್ಮ ಅಂಬಾಸಿಡರ್‌ಗೆ ಹಾಕಿಸಿದ ಕಿಟ್

ನಮ್ಮಪ್ಪನ 1978ರ ಅಂಬಾಸಿಡರ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿ ಒಂದು ಪೂರ್ತಿ ಬೇಸಿಗೆ ಓಡಿಸಿದ್ದೇನೆ. ಬಳ್ಳಾರಿ ಬೇಸಿಗೆ ಅಂದ್ರೆ ಗೊತ್ತಲ್ವಾ, ಅದಕ್ಕಿಂತ ದೊಡ್ಡ ಪರೀಕ್ಷೆ ಬೇಡ.

ಪಾಯಿಂಟ್ ಅಂದ್ರೆ ಸ್ಪಾರ್ಕ್‌ಗಾಗಿ ಕರೆಂಟ್ ಕಡಿದು ಕೂಡಿಸುವ ಪುಟ್ಟ ಸ್ವಿಚ್. ಅದು ಇದ್ದಾಗ ಮೂರು ತಿಂಗಳಿಗೊಮ್ಮೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ಬಿಚ್ಚುತ್ತಿದ್ದೆ. ಪಾಯಿಂಟ್ ತುದಿ ಸುಟ್ಟು ಗುಳಿ ಬೀಳುತ್ತದೆ. ಒಳಗೆ ತಿರುಗುವ ಕ್ಯಾಮ್‌ಗೆ ಉಜ್ಜುವ ಭಾಗ ಸವೆದು ಗ್ಯಾಪ್ ಕಮ್ಮಿಯಾಗುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ, ಅಂದ್ರೆ ಸ್ಪಾರ್ಕ್ ತಡವಾಗುತ್ತದೆ. ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಿಡಿದು ಮತ್ತೆ 0.35ರಿಂದ 0.40 ಮಿ.ಮೀ.ಗೆ ತರಬೇಕು. ಅಪ್ಪ ಕಲಿಸಿದ ಕೆಲಸ, ನನಗೆ ಇಷ್ಟವೇ.

ಕಿಟ್‌ನಲ್ಲಿ ಉಜ್ಜುವುದೇ ಇಲ್ಲ. ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಕೆಳಗೆ ಅಯಸ್ಕಾಂತದ ಬಳೆ, ಪಕ್ಕದಲ್ಲಿ ಸೆನ್ಸರ್ ಇರುವ ಎಲೆಕ್ಟ್ರಾನಿಕ್ ಮಾಡ್ಯೂಲ್. ಪಾಯಿಂಟ್, ಅದು ಸುಡದಂತೆ ಕಾಯುವ ಕಂಡೆನ್ಸರ್ ಎರಡೂ ಹೊರಗೆ. ಮುಚ್ಚಳ ಹಾಕಿದರೆ ಗಾಡಿ ಹಳೆಯದರಂತೆಯೇ ಕಾಣುತ್ತದೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಹಿಂದೆ ತೆವಳುವಾಗಲೂ ಐಡ್ಲಿಂಗ್ ತಪ್ಪಲಿಲ್ಲ. ಪಿಕಪ್ ಜಾಸ್ತಿ ಆಯಿತು ಅಂತ ಮಾತ್ರ ಹೇಳಲಾರೆ. ಚೆನ್ನಾಗಿ ಸೆಟ್ ಮಾಡಿದ ಪಾಯಿಂಟ್‌ನಲ್ಲೂ ಅಷ್ಟೇ ಇತ್ತು.

ಒಂದು ಎಚ್ಚರಿಕೆ. ಎಂಜಿನ್ ನಿಂತಿರುವಾಗ ಸುಮ್ನೆ ಕೀ ಆನ್ ಇಟ್ಟರೆ ಮಾಡ್ಯೂಲ್ ಸುಟ್ಟುಹೋಗಬಹುದು. ನನ್ನ ಮೊದಲನೆಯದು ಹಾಗೇ ಹೋಯಿತು, ಕೌಲ್ ಬಜಾರ್‌ನಿಂದ ಗಾಡಿ ಎಳೆಸಿಕೊಂಡು ಬಂದೆ. ಪಾಯಿಂಟ್ ಕೆಟ್ಟರೆ ಎಮರಿ ಪೇಪರ್‌ನಲ್ಲಿ ಉಜ್ಜಿ ಮನೆ ಸೇರಬಹುದು. ಮಾಡ್ಯೂಲ್‌ಗೆ ಆ ದಾರಿ ಇಲ್ಲ.

ದಿನಾ ಓಡಿಸುವವರು ಕಿಟ್ ಹಾಕಿಸಿ. ಹಳೆ ಪಾಯಿಂಟ್ ಪ್ಲೇಟ್ ಮಾತ್ರ ಬಿಸಾಡಬೇಡಿ. ನನ್ನದು ಕಂಡೆನ್ಸರ್ ಸಮೇತ ಡಿಕ್ಕಿಯಲ್ಲೇ ಇದೆ, ಪಕ್ಕದಲ್ಲಿ ಅಪ್ಪನ ಫೀಲರ್ ಗೇಜ್.