ಆ ಪಿಡಿಎಫ್ ಲೈಬ್ರರಿಗೆ ಪ್ಯಾಚ್ ಕಳಿಸುವ ಮುನ್ನ ಇದನ್ನು ಓದಿ

ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುವವರು, ಅದರಲ್ಲೂ ಕನ್ನಡದಲ್ಲಿ ಪಿಡಿಎಫ್ ತೆಗೆಯಬೇಕಾದವರು, ದಯವಿಟ್ಟು ಪೂರ್ತಿ ಓದಿ. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದದ್ದು) ಎಂದು ಬೋರ್ಡ್ ಹಾಕಿಕೊಂಡ ಒಂದು ಲೈಬ್ರರಿಯ, ಅಂದರೆ ನಮ್ಮ ಪ್ರೋಗ್ರಾಂಗೆ ಜೋಡಿಸಿಕೊಳ್ಳುವ ಸಿದ್ಧ ಕೋಡಿನ, ಬಗ್ ಹುಡುಕಿಕೊಟ್ಟೆ. ಅದನ್ನು ಸರಿ ಮಾಡುವ ಕೋಡ್, ಅಂದರೆ ಪ್ಯಾಚ್, ಕೂಡ ಬರೆದುಕೊಟ್ಟೆ. ಈಗ ಅದನ್ನೇ ನನಗೆ ದುಡ್ಡಿಗೆ ಮಾರಲು ಬಂದಿದ್ದಾರೆ. ಹೌದು, ನನ್ನ ಕೋಡನ್ನು ನನಗೇ! ಹೆಸರು ಹಾಕುವುದಿಲ್ಲ, ವಕೀಲರ ನೋಟಿಸ್ ಓದಿಕೊಂಡು ಕೂರುವಷ್ಟು ಪುರುಸೊತ್ತು ನನಗಿಲ್ಲ. ನಡೆದದ್ದು ಹೇಳುತ್ತೇನೆ. ಇಂಥವರು ಎದುರಾದರೆ ನಿಮಗೇ ಗೊತ್ತಾಗುತ್ತದೆ.

ನಮ್ಮದು ಸಣ್ಣ ಕಂಪನಿ. ಒಂದು ಪತ್ತಿನ ಸಹಕಾರ ಸಂಘಕ್ಕೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಸಾಲದ ರಸೀದಿ, ಖಾತೆ ವಿವರ ಎಲ್ಲ ಕನ್ನಡದಲ್ಲೇ ಬರಬೇಕು. ಪರದೆಯ ಮೇಲೆ ಎಲ್ಲ ಚೆಂದ. ಪಿಡಿಎಫ್ ತೆಗೆದರೆ ಸಿದ್ದಪ್ಪ ಹೋಗಿ "ಸಿದ್‌ದಪ್‌ಪ". ಕರ್ನಾಟಕ ಅನ್ನುವ ಪದವೇ "ಕರ್‌ನಾಟಕ". ಸಂಘದ ಕಾರ್ಯದರ್ಶಿ ರಸೀದಿ ಹಿಡಿದುಕೊಂಡು ಎಲ್ಲರ ಎದುರಿಗೆ, "ಏನ್ರೀ ಇದು, ನಮ್ಮ ಸಿದ್ದಪ್ಪನ್ನ ಕಡಿದು ತುಂಡು ಮಾಡೀರಲ್ಲ" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಕಾರಣ ಏನು ಅಂತ ಗೊತ್ತಿರುವವರಿಗೆ ಗೊತ್ತು. ಯೂನಿಕೋಡ್‌ನಲ್ಲಿ ದ್ದ ಅಂದರೆ ದ, ಹಲಂತ, ಮತ್ತೆ ದ. ಮೂರು ಸಂಕೇತ. ಅವನ್ನು ಕೂಡಿಸಿ ಕೆಳಗೆ ಒತ್ತು ಬರೆಯುವ ನಿಯಮ ಫಾಂಟ್‌ನೊಳಗೆ ಜಿಸಬ್ ಅನ್ನುವ ಪಟ್ಟಿಯಲ್ಲಿರುತ್ತದೆ. ಬ್ರೌಸರ್ ಅದನ್ನು ಓದುತ್ತದೆ. ಈ ಲೈಬ್ರರಿ ಓದುವುದೇ ಇಲ್ಲ. ಒಂದು ಸಂಕೇತಕ್ಕೆ ಒಂದು ಗ್ಲಿಫ್ (ಅಕ್ಷರದ ಚಿತ್ರ) ಅಂತ ಸಾಲಾಗಿ ಇಟ್ಟುಕೊಂಡು ಹೋಗುತ್ತದೆ, ಇಂಗ್ಲಿಷ್ ಬರೆದ ಹಾಗೆ. ಅರ್ಕಾವೊತ್ತಿಗೂ ಅದೇ ಗತಿ.

ಲೈಬ್ರರಿಯ ಪುಟದಲ್ಲಿ ಇಶ್ಯೂ (ತಪ್ಪಿನ ದೂರು) ಹಾಕಿದೆ. ಫಾಂಟ್, ಜಾವಾ ಆವೃತ್ತಿ, ಸಣ್ಣ ಮಾದರಿ ಕೋಡ್, ಬಂದ ಪಿಡಿಎಫ್, ಬರಬೇಕಿದ್ದ ಚಿತ್ರ ಎಲ್ಲ ಇಟ್ಟು ಹಾಕಿದೆ. ಬಂದ ಮೊದಲ ಉತ್ತರ: "ನಮ್ಮಲ್ಲಿ ಸರಿಯಾಗಿಯೇ ಕಾಣುತ್ತಿದೆ." ಜೊತೆಗೊಂದು ಸ್ಕ್ರೀನ್‌ಶಾಟ್. ತೆರೆದು ನೋಡಿದರೆ ಅದು ಪಿಡಿಎಫ್ ಅಲ್ಲ, ನನ್ನ ಕೋಡನ್ನು ಅವರ ಎಡಿಟರ್‌ನಲ್ಲಿ ತೆರೆದ ಚಿತ್ರ! ಎಡಿಟರ್‌ನಲ್ಲಿ ಸರಿ ಕಾಣದೇ ಇನ್ನೇನು? ಅದನ್ನು ಹೇಳಿದೆ. ಆಮೇಲೆ "ಫಾಂಟ್ ತೊಂದರೆ ಇರಬೇಕು" ಅಂದರು. ನೋಟೊ ಸ್ಯಾನ್ಸ್ ಕನ್ನಡ, ಲೋಹಿತ್, ತುಂಗಾ ಮೂರರಲ್ಲೂ ತೆಗೆದು ತೋರಿಸಿದೆ. ಮೂರರಲ್ಲೂ ಸಿದ್ದಪ್ಪ ತುಂಡು ತುಂಡು. ಆಗ ಬಂತು ಆ ಸುಪ್ರಸಿದ್ಧ ಉತ್ತರ: "ಇದು ನಮ್ಮ ಆದ್ಯತೆಯಲ್ಲಿಲ್ಲ. ನೀವೇ ಸರಿ ಮಾಡಿ ಕಳಿಸಿದರೆ ಸ್ವಾಗತ."

ಸರಿ, ತಪ್ಪೇನಿಲ್ಲ. ಬಿಟ್ಟಿ ಸಿಕ್ಕ ಲೈಬ್ರರಿ, ಕೈಲಾದವರು ಮಾಡಬೇಕು. ಕೂತು ಮಾಡಿದೆ. ಜಾವಾ 9ರಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶ ಜಾವಾದ ಒಳಗೇ ಇದೆ. ಅದರಿಂದ ಗ್ಲಿಫ್‌ಗಳನ್ನೂ ಅವುಗಳ ಜಾಗವನ್ನೂ ಕೇಳಿ ಪಡೆದು ಪಿಡಿಎಫ್‌ಗೆ ಬರೆದರೆ ಒತ್ತು ಸರಿಯಾಗಿ ಕೂರುತ್ತದೆ. ಟೆಸ್ಟ್‌ಗೆ ನಾನೇ ಒಂದು ವಾಕ್ಯ ಕಟ್ಟಿದೆ: "ಸಿದ್ದಪ್ಪನ ಮಗಳು ಲಕ್ಷ್ಮಿ ಅರ್ಕಾವತಿ ದಾಟಿದಳು." ಒತ್ತು, ಒತ್ತಿನ ಕೆಳಗೆ ಒತ್ತು, ಅರ್ಕಾವೊತ್ತು ಎಲ್ಲ ಅದರಲ್ಲಿ ಬಂದುಹೋಗುತ್ತದೆ. ಈ ವಾಕ್ಯ ನೆನಪಿಟ್ಟುಕೊಳ್ಳಿ.

ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಮನವಿ) ಕಳಿಸಿದ ಕೂಡಲೇ ಬಾಟ್ ಬಂದು "ಸಿಎಲ್‌ಎಗೆ ಸಹಿ ಹಾಕಿ" ಅಂತು. ಕೋಡ್ ಕೊಡುವವರಿಂದ ಬರೆಸಿಕೊಳ್ಳುವ ಒಪ್ಪಿಗೆ ಪತ್ರ. ಇದು ಬಹಳ ಕಡೆ ಇರುವ ಪದ್ಧತಿ. ಓಪನ್ ಸೋರ್ಸ್ ಸಂಸ್ಥೆಯಾದ ಅಪಾಚೆ ಫೌಂಡೇಶನ್ ಕೂಡ ತೆಗೆದುಕೊಳ್ಳುತ್ತದೆ. ಸಹಿ ಹಾಕಿದೆ. ಆಮೇಲೆ ಮೌನ. ನಾನು ಕೇಳುವುದು, ಅವರು "ನೋಡುತ್ತಿದ್ದೇವೆ" ಅನ್ನುವುದು. ಮತ್ತೆ ಕೇಳುವುದು, ಮತ್ತೆ "ನೋಡುತ್ತಿದ್ದೇವೆ". ಕೊನೆಗೆ "ನಮ್ಮ ಯೋಜನೆಗೆ ಹೊಂದುವುದಿಲ್ಲ" ಅಂತ ಮುಚ್ಚಿದರು. ಬೇಜಾರಾಯಿತು, ಸುಮ್ಮನಾದೆ. ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಕೆಲವು ತಿಂಗಳಾದ ಮೇಲೆ ನನ್ನ ಇಶ್ಯೂಗೆ ಒಂದು ಸಾಲು ಬಂತು: "ಹೊಸ ಆವೃತ್ತಿಯಲ್ಲಿ ಸರಿಯಾಗಿದೆ." ಇಶ್ಯೂ ಕ್ಲೋಸ್. ಖುಷಿಯಾಗಿ, ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕು ಅಂತ ಬರೆಯುವ ಪಾಮ್ ಫೈಲ್‌ನಲ್ಲಿ ನಂಬರ್ ಬದಲಿಸಿದೆ. ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ "ಈ ಸಲ ಸರಿ ಬರುತ್ತೆ ಸರ್" ಅಂತಲೂ ಹೇಳಿದೆ. ಪಿಡಿಎಫ್ ತೆಗೆದರೆ "ಸಿದ್‌ದಪ್‌ಪ". ಹಳೆಯ ಜಾರ್ (ಲೈಬ್ರರಿಯ ಫೈಲ್) ಎಲ್ಲಿಂದಲೋ ನುಸುಳಿರಬೇಕು ಅಂದುಕೊಂಡೆ. ಲೈಬ್ರರಿಗಳನ್ನು ಇಳಿಸಿ ಜೋಡಿಸುವ ಮೇವನ್ ಹೀಗೆ ಮಾಡುತ್ತದೆ ಅಲ್ವಾ, ಒಂದೇ ಲೈಬ್ರರಿಯ ಎರಡು ಆವೃತ್ತಿ ಬಂದರೆ ಹತ್ತಿರದ್ದನ್ನು ಹಿಡಿಯುತ್ತದೆ, ಹೊಸದನ್ನಲ್ಲ. ಯಾವ ಲೈಬ್ರರಿ ಎಲ್ಲಿಂದ ಬಂತು ಅಂತ ತೋರಿಸುವ ಡಿಪೆಂಡೆನ್ಸಿ ಟ್ರೀ ತೆಗೆದು ನೋಡಿದೆ, ಸರಿಯಾದದ್ದೇ ಇದೆ. ಲೋಕಲ್ ರೆಪೊ ಅಳಿಸಿ ಮತ್ತೆ ಇಳಿಸಿದೆ. ಅದೇ "ಸಿದ್‌ದಪ್‌ಪ".

ಆಮೇಲೆ ಲಾಗ್‌ನಲ್ಲಿ ಮೂಲೆಯಲ್ಲಿದ್ದ ಎಚ್ಚರಿಕೆ ಕಣ್ಣಿಗೆ ಬಿತ್ತು. ಭಾರತೀಯ ಲಿಪಿಗಳ ಜೋಡಣೆಗೆ ಬೇರೆ ಮಾಡ್ಯೂಲ್ ಬೇಕು, ಅದಕ್ಕೆ ಲೈಸೆನ್ಸ್ ಕೀ ಬೇಕು. ಅಂದರೆ "ಸರಿಯಾಗಿದೆ" ಅಂದದ್ದು ದುಡ್ಡಿನ ಆವೃತ್ತಿಯಲ್ಲಿ! ಇಶ್ಯೂನಲ್ಲಿ ಅದರ ಸುದ್ದಿಯೇ ಇಲ್ಲ. ಬರೀ "ಸರಿಯಾಗಿದೆ".

ಆ ಮಾಡ್ಯೂಲ್ ಏನು ಅಂತ ನೋಡಲು ಅವರ ಮಾರಾಟದ ಕೈಪಿಡಿ ತೆರೆದೆ. ಭಾಷೆಗೊಂದು ಮಾದರಿ ಕೊಟ್ಟಿದ್ದರು. ಕನ್ನಡದ ಜಾಗದಲ್ಲಿ ಏನಿತ್ತು ಗೊತ್ತಾ? "ಸಿದ್ದಪ್ಪನ ಮಗಳು ಲಕ್ಷ್ಮಿ ಅರ್ಕಾವತಿ ದಾಟಿದಳು." ಒಂದಕ್ಷರ ಬದಲಿಸಿಲ್ಲ. ಬದಲಿಸಲು ಓದಲಾದರೂ ಬರಬೇಕಲ್ಲ! ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿ ಕೂತಿದ್ದ ಹುಡುಗ "ಏನಾಯ್ತು ಸರ್" ಅಂದ. ಹೇಳಲು ನಾಚಿಕೆಯಾಯಿತು.

ಮೇಲ್ ಹಾಕಿದೆ. ಉತ್ತರ ಬಹಳ ವಿನಯದಿಂದ ಬಂತು. "ನೀವು ಸಹಿ ಮಾಡಿದ ಪತ್ರದ ಪ್ರಕಾರ ನಿಮ್ಮ ಕೋಡನ್ನು ಯಾವ ಲೈಸೆನ್ಸ್‌ನಲ್ಲಾದರೂ ಹಂಚುವ ಹಕ್ಕು ನಮಗಿದೆ. ನಿಮ್ಮ ಕೊಡುಗೆಗೆ ಧನ್ಯವಾದ." ಹಾಗಾದರೆ ಹೊಂದುವುದಿಲ್ಲ ಅಂತ ಮುಚ್ಚಿದ್ದು ಯಾಕೆ ಅಂತ ಕೇಳಿದೆ. "ಉಚಿತ ಆವೃತ್ತಿಯ ಯೋಜನೆಗೆ ಹೊಂದುವುದಿಲ್ಲ ಎಂದು ನಮ್ಮ ಅರ್ಥ." ಆಮೇಲೆ ಕೊನೆಯ ಸಾಲು ನೋಡಿ: "ಕೊಡುಗೆ ನೀಡಿದವರಿಗೆ ಮೊದಲ ವರ್ಷ ರಿಯಾಯಿತಿ ಇದೆ, ಬೇಕಿದ್ದರೆ ತಿಳಿಸಿ." ರಿಯಾಯಿತಿಯಂತೆ! ಕಳ್ಳ ನಮ್ಮನೆ ಪಾತ್ರೆ ತಂದು ನಮಗೇ ಕಡಿಮೆ ರೇಟಿಗೆ ಕೊಟ್ಟ ಹಾಗೆ.

ಇಶ್ಯೂನಲ್ಲಿ ಇದನ್ನೆಲ್ಲ ಬರೆದೆ, ಬೈಗುಳ ಒಂದೂ ಇಲ್ಲ. "ಚರ್ಚೆ ಬಿಸಿಯಾಗಿದೆ" ಅಂತ ಕಾರಣ ಕೊಟ್ಟು ಲಾಕ್ ಮಾಡಿದರು.

ಕಾನೂನು ಅವರ ಕಡೆಯೇ ಇದೆ, ಆಟ ಇರುವುದೇ ಅಲ್ಲಿ. ಲೈಬ್ರರಿ ಹೊರಗೆ ಎಜಿಪಿಎಲ್, ಅಂದರೆ ಕೋಡ್ ಬದಲಿಸಿ ಹಂಚಿದರೆ ಅದನ್ನೂ ತೆರೆದೇ ಕೊಡಬೇಕು ಅನ್ನುವ ಲೈಸೆನ್ಸ್. ಆ ಲೈಸೆನ್ಸ್‌ನಲ್ಲಿ ಮಾತ್ರ ನನ್ನ ಕೋಡ್ ಪಡೆದಿದ್ದರೆ ಮುಚ್ಚಿದ ಆವೃತ್ತಿಯಲ್ಲಿ ಸೇರಿಸಿ ಮಾರಲು ಆಗುತ್ತಿರಲಿಲ್ಲ. ಆ ಬೇಲಿಯನ್ನು ದಾಟಿಸುವುದೇ ಸಿಎಲ್‌ಎ. ಅಪಾಚೆಯ ಪತ್ರವೂ ವಿಶಾಲವಾಗಿಯೇ ಇದೆ, ಆದರೆ ಅಲ್ಲಿ ತೆಗೆದುಕೊಳ್ಳುವುದು ಲಾಭಕ್ಕೆ ನಿಂತ ಕಂಪನಿ ಅಲ್ಲ. ಒಂದೇ ಕಂಪನಿಯ ಕೈಯಲ್ಲಿ ಎಲ್ಲ ಹಕ್ಕು ಇದ್ದರೆ ಏನು ಬೇಕಾದರೂ ಆಗಬಹುದು. 2022ರಲ್ಲಿ ಅಕ್ಕಾ ಅನ್ನುವ ಲೈಬ್ರರಿ ಮುಕ್ತವಾದ ಅಪಾಚೆ ಲೈಸೆನ್ಸ್ ಬಿಟ್ಟು, ಬಳಕೆಗೆ ಮಿತಿ ಹಾಕುವ ಬಿಎಸ್‌ಎಲ್ ಲೈಸೆನ್ಸ್‌ಗೆ ಹೋದದ್ದು ಎಲ್ಲರಿಗೂ ಗೊತ್ತು. ಅವರು ಕೊನೇ ಪಕ್ಷ ಊರಿಗೆಲ್ಲ ಹೇಳಿ ಮಾಡಿದರು. ಹಳೆಯ ಕೋಡ್ ಪೆಕ್ಕೊ ಅನ್ನುವ ಹೆಸರಲ್ಲಿ ಅಪಾಚೆ ಲೈಸೆನ್ಸ್‌ನಲ್ಲೇ ಮುಂದುವರಿಯಿತು.

ಓಪನ್ ಸೋರ್ಸ್ ಎಲ್ಲ ಹೀಗೇ ಅಂತ ಹೇಳುತ್ತಿಲ್ಲ. 2021ರ ಡಿಸೆಂಬರ್‌ನಲ್ಲಿ ಭದ್ರತಾ ಲೋಪ ಬಯಲಾದಾಗ ಲಾಗ್‌ಫೋರ್‌ಜೆ (ಜಾವಾದಲ್ಲಿ ಲಾಗ್ ಬರೆಯುವ ಲೈಬ್ರರಿ) ತಂಡವನ್ನು ನೋಡಿದ್ದೇವಲ್ಲ. ಸರಿ ಮಾಡಿ 2.15.0 ಆವೃತ್ತಿ ಹೊರತಂದರು. ಅದು ಸಾಲದು ಅಂತ ಗೊತ್ತಾದ ಮೇಲೆ ಮುಚ್ಚಿಡದೆ 2.16.0, ಆಮೇಲೆ 2.17.0, ತಿಂಗಳ ಕೊನೆಗೆ 2.17.1. ಪ್ರತಿ ಸಲ ನಮಗೆ ನಿದ್ದೆ ಹಾಳು, ಬೈದುಕೊಂಡೇ ಬದಲಿಸಿದೆವು. ಆದರೆ ಯಾವುದು ಸರಿಯಾಗಿದೆ, ಯಾವುದು ಆಗಿಲ್ಲ ಅನ್ನುವುದನ್ನು ನೇರ ಹೇಳಿದರು.

ಪ್ಯಾಚ್ ಕಳಿಸುವ ಮುನ್ನ ಅದೇ ಲೈಬ್ರರಿಗೆ ದುಡ್ಡಿನ ಆವೃತ್ತಿ ಇದೆಯಾ ನೋಡಿ. ಇದ್ದರೆ ಸಿಎಲ್‌ಎನಲ್ಲಿ ಬೇರೆ ಲೈಸೆನ್ಸ್‌ಗೆ ದಾಟಿಸುವ ಸಾಲು ಹುಡುಕಿ. ಲಿನಕ್ಸ್ ಕರ್ನಲ್‌ನಂತೆ ಬರೀ ಸೈನ್ಡ್-ಆಫ್-ಬೈ ಸಾಲು (ಈ ಕೋಡ್ ಕೊಡುವ ಹಕ್ಕು ನನಗಿದೆ ಅನ್ನುವ ಸಹಿ) ಸಾಕು ಅನ್ನುವವರಾದರೆ ಧೈರ್ಯವಾಗಿ ಕಳಿಸಿ. "ಸರಿಯಾಗಿದೆ" ಅಂತ ಯಾರಾದರೂ ಇಶ್ಯೂ ಮುಚ್ಚಿದರೆ ಕಮಿಟ್ (ಕೋಡ್ ಬದಲಾವಣೆಯ ದಾಖಲೆ) ಎಲ್ಲಿದೆ ಅಂತ ಕೇಳಿ. ಕಮಿಟ್ ತೋರಿಸದಿದ್ದರೆ ಗಿರಾಕಿಗೆ ಫೋನ್ ಮಾಡಬೇಡಿ.

ಸಹಿ ಹಾಕಿದರೂ ನಾನು ಬರೆದದ್ದು ನನ್ನದೂ ಹೌದು, ಅದನ್ನು ಕಿತ್ತುಕೊಳ್ಳಲು ಆ ಪತ್ರದಲ್ಲಿ ಅವಕಾಶವಿಲ್ಲ. ಉಚಿತ ಆವೃತ್ತಿಯನ್ನು ಫೋರ್ಕ್ ಮಾಡಿ, ಅಂದರೆ ನನ್ನದೇ ಪ್ರತಿ ತೆಗೆದುಕೊಂಡು, ನನ್ನ ಪ್ಯಾಚ್ ಸೇರಿಸಿದ್ದೇನೆ. ಅದೂ ಎಜಿಪಿಎಲ್ಲೇ, ಹಾಗಾಗಿ ಅದರ ಷರತ್ತು ಓದಿಕೊಂಡೇ ಬಳಸಿ. ಸಂಘದ ರಸೀದಿ ಈಗ ಅದರಲ್ಲೇ ಬರುತ್ತಿದೆ. ಒಂದು ತೊಂದರೆ ಉಳಿದಿದೆ: ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಗ್ಲಿಫ್‌ನಿಂದ ಯೂನಿಕೋಡ್‌ಗೆ ವಾಪಸ್ ಹೋಗುವ ಟೂಯೂನಿಕೋಡ್ ಪಟ್ಟಿ ಇನ್ನೂ ಸರಿಯಾಗಿಲ್ಲ. ಅದು ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ. ಸಿಎಲ್‌ಎ ಕೇಳುವುದಿಲ್ಲ.