ಮಲೆನಾಡಿನ ವ್ಯಾನಿಗೆ ಕರೆಂಟು: ಬಿಸಿಲಿನದೋ, ಎಂಜಿನ್ನಿನದೋ?

ನಮ್ಮದು ಈಕೋ ಗಾಡಿ. ಹಿಂದೆ ಹಲಗೆ ಹಾಕಿ ಹಾಸಿಗೆ ಮಾಡಿಕೊಂಡಿದ್ದೇವೆ. ನಾನು, ಹೆಂಡತಿ, ನಾಲ್ಕು ವರ್ಷದ ಮಗಳು. ಶಿವಮೊಗ್ಗದಿಂದ ಹೊರಟು ಎರಡು ಮೂರು ರಾತ್ರಿ ಗಾಡಿಯಲ್ಲೇ ಮಲಗಿ ವಾಪಸ್ ಬರುತ್ತೇವೆ. ಕರೆಂಟಿಗೆ ಏನು ಮಾಡ್ತೀರಿ ಅಂತ ತುಂಬಾ ಜನ ಕೇಳುತ್ತಾರೆ. ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಬೇರೆ ಬೇರೆ ಸಾಮಾನು ಹಾಕಿ ನೋಡಿದ್ದೇನೆ. ಬಯಲುಸೀಮೆಗೆ ಸರಿಹೋಗುವ ಸಲಹೆ ನಮ್ಮ ಕಡೆ ಕೈಕೊಡುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಖರ್ಚಿನ ಲೆಕ್ಕ. ಸಣ್ಣ ಫ್ರಿಜ್‌ಗೆ ದಿನಕ್ಕೆ ಸುಮಾರು 350 ವ್ಯಾಟ್ ಅವರ್ ಬೇಕು (10 ವ್ಯಾಟ್ ದೀಪ ಒಂದು ಗಂಟೆ ಉರಿದರೆ 10 ವ್ಯಾಟ್ ಅವರ್). ಎರಡು ಎಲ್‌ಇಡಿ ದೀಪ, ಫ್ಯಾನು, ಎರಡು ಫೋನು, ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಎಲ್ಲ ಸೇರಿ ಇನ್ನೊಂದು 250. ಒಟ್ಟು 600. ಇದನ್ನು ದಿನಾ ತುಂಬಿಸುವುದು ಹೇಗೆ ಅನ್ನುವುದೇ ಪ್ರಶ್ನೆ.

ಶುರುವಿಗೆ ಎಲ್ಲರ ಹಾಗೆ ನಾನೂ 100 ವ್ಯಾಟ್ ಸೋಲಾರ್ ಪ್ಯಾನೆಲ್ ತಂದು ಮೇಲೆ ಬಿಗಿಸಿದೆ. ಜನವರಿಯಲ್ಲಿ ತೀರ್ಥಹಳ್ಳಿ ಹತ್ತಿರ, ಕೊಯ್ಲು ಮುಗಿದ ಗದ್ದೆ ಬದಿಯಲ್ಲಿ ಗಾಡಿ ನಿಲ್ಲಿಸಿದ್ದೆವು. ಆ ದಿನ 400 ವ್ಯಾಟ್ ಅವರ್ ಬಂತು. ಖುಷಿಯಾಯಿತು. ಮಾರನೇ ದಿನ ನೆಂಟರ ಅಡಿಕೆ ತೋಟದ ಅಂಚಿಗೆ ಹೋದೆವು. ಅಲ್ಲಿ 100 ಕೂಡ ಆಗಲಿಲ್ಲ. ಪ್ಯಾನೆಲ್ಲಿನ ಸೆಲ್‌ಗಳು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ ಹಾಗೆ ಸಾಲಾಗಿರುತ್ತವೆ. ಒಂದು ಸೋಗೆಯ ನೆರಳು ಒಂದೆರಡು ಸೆಲ್ ಮೇಲೆ ಬಿದ್ದರೆ ಸಾಕು, ಆ ಇಡೀ ಸಾಲು ಸೊರಗುತ್ತದೆ. ನಮ್ಮ ಕಡೆ ಗಾಡಿ ನಿಲ್ಲಿಸುವ ಜಾಗದಲ್ಲೆಲ್ಲ ಮರ ಇದ್ದೇ ಇರುತ್ತದೆ, ಅಲ್ವಾ? ಒಳಗೆ ಮಲಗುವವರಿಗೂ ನೆರಳೇ ಬೇಕು.

ಇನ್ನು ಜುಲೈ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಎರಡು ಹಗಲು ಮೀಟರ್ ನೋಡುತ್ತಾ ಕೂತೆ. ಮಧ್ಯಾಹ್ನ 12 ಗಂಟೆಗೆ 6 ವ್ಯಾಟ್, ಒಮ್ಮೊಮ್ಮೆ 8. ಇಡೀ ದಿನ ಸೇರಿಸಿದರೂ ಎರಡು ಫೋನಿಗೆ ಸಾಲುವಷ್ಟೇ.

ಆ ಎರಡು ದಿನ ನಮ್ಮನ್ನು ಕಾಪಾಡಿದ್ದು ಡಿಸಿ-ಡಿಸಿ ಚಾರ್ಜರ್. ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ (ಎಂಜಿನ್ ತಿರುಗಿಸುವ, ಗಾಡಿಗೆ ಕರೆಂಟು ಮಾಡುವ ಭಾಗ) ಕರೆಂಟು ತೆಗೆದು, ಗಾಡಿಯ ಹಿಂಭಾಗದಲ್ಲಿಟ್ಟ ಬ್ಯಾಟರಿಗೆ ಅಳತೆಯಾಗಿ ಕೊಡುವ ಪುಟ್ಟ ಪೆಟ್ಟಿಗೆ ಅದು. ನನ್ನದು 20 ಆಂಪ್ಸ್, ಅಂದರೆ ಸುಮಾರು 270 ವ್ಯಾಟ್. ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆ ತಲುಪುವಾಗ ಎರಡೂವರೆ ಗಂಟೆಯಾಯಿತು. ಅಷ್ಟರಲ್ಲಿ 650 ವ್ಯಾಟ್ ಅವರ್ ತುಂಬಿತ್ತು. ಒಂದು ದಿನದ ಖರ್ಚು ಅಲ್ಲಿಗೇ ಬಂತು! ಮಾರನೇ ದಿನ ಶೃಂಗೇರಿಗೆ ಹೋಗಿ ಬಂದೆವು, ಮತ್ತೆ ಮುಕ್ಕಾಲು ಪಾಲು ತುಂಬಿತು. ಮಳೆಯಲ್ಲಿ ಹೆಡ್‌ಲೈಟು, ವೈಪರ್ ಎಲ್ಲ ಒಟ್ಟಿಗೇ ಓಡುತ್ತಿರುತ್ತವೆ. ಸಣ್ಣ ಗಾಡಿಯ ಆಲ್ಟರ್ನೇಟರಿಗೆ ಅದೇ ಭಾರ. ಹಾಗಾಗಿ 40 ಆಂಪ್ಸ್‌ನದ್ದಕ್ಕೆ ನಾನು ಕೈ ಹಾಕಲಿಲ್ಲ. ಒಂದು ಕೊರತೆ ಇದೆ. ಒಂದೇ ಕಡೆ ಮೂರು ದಿನ ನಿಂತರೆ ಇದರಿಂದ ಉಪಯೋಗ ಇಲ್ಲ. ಸುಮ್ನೆ ಎಂಜಿನ್ ಓಡಿಸಿ ಚಾರ್ಜ್ ಮಾಡುವುದು ಪೆಟ್ರೋಲಿಗೂ ದಂಡ, ಅಕ್ಕಪಕ್ಕದವರಿಗೂ ತೊಂದರೆ.

ಬ್ಯಾಟರಿಯಲ್ಲೂ ಎರಡು ಬಗೆ ನೋಡಿದೆ. ಮೊದಲು ಮನೆಯ ಇನ್ವರ್ಟರಿನ 150 ಆಂಪ್ ಅವರ್ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಎತ್ತಿ ಇಟ್ಟಿದ್ದೆ. ತೂಕ 50 ಕಿಲೋಗೂ ಮೇಲೆ, ಎತ್ತಲು ಭಾವನನ್ನು ಕರೆಯಬೇಕಾಯಿತು. 12 ವೋಲ್ಟಿನಿಂದ ಗುಣಿಸಿದರೆ ಲೆಕ್ಕಕ್ಕೆ 1800 ವ್ಯಾಟ್ ಅವರ್. ಆದರೆ ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯಸ್ಸು ಕಮ್ಮಿಯಾಗುತ್ತದೆ. ಅಂದರೆ ಕೈಗೆ ಸಿಗುವುದು 900. ಆಗುಂಬೆ ಘಾಟಿಯ 14 ತಿರುವು ಇಳಿಯುವಷ್ಟರಲ್ಲಿ ಮುಚ್ಚಳದ ಸುತ್ತ ಆಸಿಡ್ ಒಸರಿ ನೆಲದ ಹಾಳೆಗೆ ಕಲೆಯಾಗಿತ್ತು. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ. ಮಗು ಮಲಗುವ ಜಾಗದಲ್ಲಿ ಅದು ಬೇಡವೇ ಬೇಡ ಅಂತ ಅವತ್ತೇ ನಿರ್ಧರಿಸಿದೆ.

ಈಗಿರುವುದು 100 ಆಂಪ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ತೂಕ ಸುಮಾರು 12 ಕಿಲೋ. ಲೆಕ್ಕಕ್ಕೆ 1280 ವ್ಯಾಟ್ ಅವರ್, ಅದರಲ್ಲಿ 1000 ಧೈರ್ಯವಾಗಿ ಬಳಸಬಹುದು. ಬೆಲೆ ಜಾಸ್ತಿ, ನಿಜ. ಆದರೆ ನಮ್ಮ ದಾರಿಗೆ ಇದು ಒಗ್ಗುವುದಕ್ಕೆ ಇನ್ನೊಂದು ಕಾರಣ ಇದೆ. ಮೊದಲಿನ ಟ್ಯೂಬ್ಯುಲರ್‌ನಂಥ ಸೀಸದ ಬ್ಯಾಟರಿ ಕೊನೆಯ ಕಾಲು ಭಾಗ ತುಂಬಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ನಮ್ಮದು ಒಂದೆರಡು ಗಂಟೆಯ ಓಡಾಟ, ಹಾಗಾಗಿ ಅದು ಎಂದೂ ಪೂರ್ತಿ ತುಂಬುವುದೇ ಇಲ್ಲ. ಲಿಥಿಯಂ ಹೆಚ್ಚುಕಡಿಮೆ ಕೊನೆಯವರೆಗೂ ಅದೇ ವೇಗದಲ್ಲಿ ಎಳೆದುಕೊಳ್ಳುತ್ತದೆ. ಅದನ್ನು ಆಲ್ಟರ್ನೇಟರಿಗೆ ನೇರ ಮಾತ್ರ ಕಟ್ಟಬೇಡಿ. ಮಿತಿ ಇಲ್ಲದೆ ಎಳೆದು ಆಲ್ಟರ್ನೇಟರ್ ಸುಟ್ಟೀತು.

ಫ್ರಿಜ್ ವಿಷಯಕ್ಕೆ ಜಾಸ್ತಿ ಮಾತು ಬೇಡ. ಕಂಪ್ರೆಸರ್ ಇಲ್ಲದೆ ತಂಪು ಮಾಡುವ ಅಗ್ಗದ ಪೆಲ್ಟಿಯರ್ ಡಬ್ಬಿ 4 ಆಂಪ್ಸ್‌ನಂತೆ ನಿಲ್ಲದೆ ಎಳೆಯುತ್ತದೆ. ದಿನಕ್ಕೆ 96 ಆಂಪ್ ಅವರ್, ಇಡೀ ಬ್ಯಾಟರಿ ಅದಕ್ಕೇ ಹೋಯಿತು. ಅಷ್ಟಾದರೂ ಹಾಲು ಒಡೆಯಿತು. ಕಂಪ್ರೆಸರ್ ಇರುವುದನ್ನೇ ತಗೊಳ್ಳಿ.

ವೈರಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ. 1.5 ಚದರ ಮಿಲಿಮೀಟರ್ ತಂತಿಯಲ್ಲಿ 4 ಮೀಟರ್ ದೂರಕ್ಕೆ 10 ಆಂಪ್ಸ್ ಕಳಿಸಿದರೆ, ಹೋಗಿ ಬರುವಷ್ಟರಲ್ಲಿ ಹತ್ತಿರ ಹತ್ತಿರ 1 ವೋಲ್ಟ್ ಕಳೆದುಹೋಗುತ್ತದೆ. ನನ್ನ ಫ್ರಿಜ್ ರಾತ್ರಿ ಆಗಾಗ ನಿಲ್ಲುತ್ತಿದ್ದದ್ದು ಇದಕ್ಕೇ. 6 ಚದರ ಮಿಲಿಮೀಟರಿನದ್ದು ಎಳೆದ ಮೇಲೆ ಸರಿಹೋಯಿತು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಪ್ಯಾನೆಲ್ ಬಿಸಾಡಿಲ್ಲ. ಮೇಲಿಂದ ಬಿಚ್ಚಿ, 10 ಮೀಟರ್ ವೈರ್ ಜೋಡಿಸಿ ಬಿಡಿಯಾಗಿ ಇಟ್ಟುಕೊಂಡಿದ್ದೇನೆ. ಗಾಡಿ ಮರದ ಕೆಳಗೆ, ಪ್ಯಾನೆಲ್ ಅಂಗಳದ ಬಿಸಿಲಲ್ಲಿ. ದೀಪಾವಳಿ ಕಳೆದ ಮೇಲೆ ಅದನ್ನು ಗಾಡಿಗೆ ಹಾಕಿಕೊಳ್ಳುತ್ತೇವೆ, ಮಳೆ ಹಿಡಿದ ದಿನ ಮನೆಯಲ್ಲಿ ಬಿಟ್ಟು ಹೊರಡುತ್ತೇವೆ.