ಹಳೇ ಓಮ್ನಿ: ಇಂಜಿನ್ ಗಟ್ಟಿ, ಅಲೆದಾಟವೆಲ್ಲ ಬಾಗಿಲಿನ ರೋಲರಿಗೆ

ನಮ್ಮ ಮಾರುತಿ ಓಮ್ನಿ ವ್ಯಾನ್ 1998ರ ಮಾಡೆಲ್, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇರುವ ಗಾಡಿ. ತೀರ್ಥಹಳ್ಳಿ ಕಡೆಯ ಮಳೆ, ಕೆಮ್ಮಣ್ಣು, ತೋಟದ ಏರುದಾರಿ ಎಲ್ಲವನ್ನೂ ಕಂಡಿದೆ. ಮೈಲೇಜ್ ಎಷ್ಟು, ಸೀಟೆಷ್ಟು ಎಂಬುದು ಎಲ್ಲರಿಗೂ ಗೊತ್ತಿರುವುದೇ. ಇಷ್ಟು ವರ್ಷ ಓಡಿಸಿದ ಮೇಲೆ ನನಗೆ ಹೇಳಲೇಬೇಕು ಅನ್ನಿಸಿರುವುದು ಬಾಗಿಲಿನ ವಿಷಯ.

ಸ್ಲೈಡಿಂಗ್ ಡೋರ್ ಇದೆ ಅಂತಲೇ ನಾವು ಈ ಗಾಡಿ ಮಾರಿಲ್ಲ. ನಮ್ಮಮ್ಮನಿಗೆ ಮಂಡಿನೋವು. ಬೇರೆ ಕಾರಿಗೆ ತಲೆ ಬಗ್ಗಿಸಿ, ಕಾಲು ಎಳೆದುಕೊಂಡು ಹತ್ತಬೇಕು. ಇದಕ್ಕಾದರೆ ಸೀಟಿನ ಬೆನ್ನು ಹಿಡಿದು ಒಂದು ಕಾಲಿಟ್ಟರೆ ಸಾಕು, ಕೂತಾಯಿತು. ಗೊಬ್ಬರದ ಚೀಲ, ಹಾಲಿನ ಕ್ಯಾನು, ಅಡಿಕೆ ಸಸಿ ಒಳಗೆ ಹೋಗುವುದೂ ಅದೇ ಬಾಗಿಲಿಂದ. ಅದರ ಭಾರವೆಲ್ಲ ಮೂರು ಕಡೆಯ ರೋಲರುಗಳ ಮೇಲೆ: ಮೇಲೊಂದು, ಕೆಳಗೊಂದು, ಹಿಂದೆ ಹೊರಮೈಯ ರೈಲಿನಲ್ಲಿ, ಅಂದರೆ ಬಾಗಿಲು ಜಾರುವ ಹಳಿಯಲ್ಲಿ, ಒಂದು. ರೈಲಿಗೆ ಕೆಮ್ಮಣ್ಣು ಸೇರಿತೆಂದರೆ ರೋಲರಿನ ಚಕ್ರ ತಿರುಗುವುದು ನಿಂತು ಉಜ್ಜಿಕೊಂಡು ಹೋಗುತ್ತದೆ, ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ಬಾಗಿಲು ಒಂದೆರಡು ನೂಲು ಜೋತುಬಿದ್ದು ಲಾಕ್ ಕೂರುವುದಿಲ್ಲ. ಲಾಕ್ ಕೂರದಿದ್ದರೆ ಎಲ್ಲರೂ ಜೋರಾಗಿ ಎಳೆದು ಬಡಿಯುತ್ತಾರೆ. ಬಡಿದಷ್ಟೂ ರೋಲರ್ ಹಿಡಿದಿರುವ ಬ್ರಾಕೆಟ್ ಸಡಿಲ.

ಪೇಟೆಯ ಅಂಗಡಿಯೊಂದರಲ್ಲಿ "ಒರಿಜಿನಲ್ಲೇ ಸಾರ್" ಅಂತ ಕೊಟ್ಟ ರೋಲರ್ ಒಂದು ಮಳೆಗಾಲವೂ ಬಾಳಲಿಲ್ಲ. ಗಟ್ಟಿ ನೈಲಾನ್ ಇರಬೇಕಾದ ಕಡೆ, ಉಗುರಿನಲ್ಲಿ ಗೀರಿದರೆ ಗೆರೆ ಬೀಳುವ ಪ್ಲಾಸ್ಟಿಕ್. ಇನ್ನೊಂದು ಗ್ಯಾರೇಜಿನಲ್ಲಿ, "ಈ ಬಾಗಿಲು ವೆಲ್ಡ್ ಮಾಡಿ ಮುಚ್ಚಿಬಿಡಿ ಸಾರ್, ಆ ಕಡೆಯಿಂದ ಹತ್ತಿದ್ರಾಯ್ತು" ಅಂದರು. ಅಮ್ಮ ಹತ್ತುವ ಬಾಗಿಲನ್ನು ವೆಲ್ಡ್ ಮಾಡಿಸುವುದೇ? ಸಿಟ್ಟು ನೆತ್ತಿಗೇರಿತ್ತು. ಗುಜರಿಯಲ್ಲಿ ಸಿಕ್ಕವೂ ನಮ್ಮದರಷ್ಟೇ ಸವೆದವು.

ಕೊನೆಗೆ ಕೈಹಿಡಿದವರು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಲೇತ್ (ಕಡೆಯುವ ಯಂತ್ರ) ಇಟ್ಟುಕೊಂಡಿರುವ ಒಬ್ಬ ಹಿರಿಯರು. ಹಳೇ ಬ್ರಾಕೆಟನ್ನು ಬೆಳಕಿಗೆ ಹಿಡಿದು ನೋಡಿ, "ಇದು ಗಟ್ಟಿ ಇದೆ, ಬಿಸಾಡಬೇಡಿ" ಅಂದರು. ರಿವೆಟ್ಟಿನ ತಲೆ ಗ್ರೈಂಡ್ ಮಾಡಿ ತೆಗೆದು, ಹೊಸ ಪಿನ್ ಮಾಡಿ, ನೈಲಾನ್ ರಾಡಿನಿಂದ ಚಕ್ರ ಕಡೆದರು. ಗಾಡಿಯ ಹತ್ತಿರ ಬಂದು ರೈಲಿಗೆ ಹಿಡಿದು ನೋಡಿದರು, ಕೊಂಚ ಬಿಗಿ. ಮತ್ತೆ ಲೇತಿಗೆ ಕಟ್ಟಿ ಕೂದಲೆಳೆಯಷ್ಟು ತೆಗೆದರು. ಅವರು ಕೇಳಿದ ಕೂಲಿ ಅಂಗಡಿಯ ಡೂಪ್ಲಿಕೇಟ್ ರೋಲರಿನ ಬೆಲೆಗಿಂತ ಕಡಿಮೆ. ಈಗ ಅಮ್ಮ ಒಂದೇ ಕೈಯಲ್ಲಿ ಬಾಗಿಲು ಎಳೆಯುತ್ತಾರೆ.

ಅಂದಿನಿಂದ ಶನಿವಾರ ಗಾಡಿ ತೊಳೆಯುವಾಗ ಮೊದಲ ಸೇವೆ ರೈಲಿಗೆ. ಹಳೇ ಟೂತ್‌ಬ್ರಷ್ಷಿನಲ್ಲಿ ಮೂಲೆಯ ಮಣ್ಣು ಕೆದಕಿ, ಡೀಸೆಲ್ ಅದ್ದಿದ ಬಟ್ಟೆ ಆಡಿಸಿ, ಒರೆಸಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯ ನಾಲ್ಕಾರು ಹನಿ. ಗ್ರೀಸ್ ಮಾತ್ರ ಮೆತ್ತಬೇಡಿ. ಮಣ್ಣು ಅದಕ್ಕೇ ಅಂಟಿಕೊಂಡು ಚಕ್ರವನ್ನು ಅರೆಯುತ್ತದೆ.

ಇಂಜಿನ್ನಿನ ಬಿಡಿಭಾಗಗಳಿಗೆ ಈ ಪಾಡಿಲ್ಲ. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಮಾರುತಿ 800ರಲ್ಲೂ ಇದ್ದದ್ದೇ. ಓಮ್ನಿ ಮೊದಲು 'ಮಾರುತಿ ವ್ಯಾನ್' ಹೆಸರಲ್ಲಿ 1984ರಲ್ಲಿ ಬಂತು, 800ರ ತಯಾರಿಕೆ ನಿಂತದ್ದು 2014ರಲ್ಲಿ, ಓಮ್ನಿ ನಿಂತದ್ದು 2019ರಲ್ಲಿ. ಅಷ್ಟು ಗಾಡಿ ರಸ್ತೆಗಿಳಿದಿರುವುದರಿಂದ ಪಿಸ್ಟನ್ ರಿಂಗ್, ಹೆಡ್ ಗ್ಯಾಸ್ಕೆಟ್ ಎಲ್ಲ ಜಿಲ್ಲಾ ಕೇಂದ್ರದಲ್ಲೇ ಸಿಗುತ್ತವೆ, ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತುವ ಪ್ರಮೇಯ ಕಡಿಮೆ. ಆದರೆ 800ರದ್ದೆಲ್ಲ ಇದಕ್ಕೆ ಕೂರುತ್ತದೆ ಅಂದುಕೊಳ್ಳಬೇಡಿ. 800ರಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರ, ಓಮ್ನಿಯಲ್ಲಿ ಹಿಂದಿನದು. ಗೇರ್‌ಬಾಕ್ಸ್, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಅದರ ಕೀಲಾದ ಕ್ರಾಸ್ ಇವನ್ನೆಲ್ಲ ಓಮ್ನಿಯದೇ ಅಂತ ಕೇಳಿ ತರಬೇಕು.

ಬಿಡಿಭಾಗಕ್ಕಿಂತ ಅಪರೂಪವಾಗಿರುವುದು ಕಾರ್ಬೊರೇಟರ್ ಬಲ್ಲ ಕೈ. ಹೊಸ ಹುಡುಗರು ಗಾಡಿಗೆ ಕಂಪ್ಯೂಟರ್ ಸ್ಕ್ಯಾನರ್ ಹಚ್ಚಿ ದೋಷ ಹುಡುಕಲು ಕಲಿತವರು, ಅದು ಅವರ ತಪ್ಪಲ್ಲ. ನಮ್ಮ ಮೆಕ್ಯಾನಿಕ್ ಇಂಜಿನ್ ಮೇಲಿರುವ ಮುಂದಿನ ಸೀಟು ಎತ್ತಿ, ಇಂಜಿನ್ ಓಡುತ್ತಿರುವಾಗಲೇ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಒಮ್ಮೆ ಐಡಲಿಂಗ್ (ಗಾಡಿ ನಿಂತಾಗಿನ ಇಂಜಿನ್ ವೇಗ) ಏರಿಳಿದು ಗಾಡಿ ಆಫ್ ಆಗುತ್ತಿತ್ತು. "ಕಾರ್ಬೊರೇಟರ್ ಬಿಚ್ಚೋದು ಕೊನೆಗೆ ಸಾರ್, ಮೊದ್ಲು ಪೈಪ್ ನೋಡೋಣ" ಅಂತ ವ್ಯಾಕ್ಯೂಮ್ ಪೈಪನ್ನು ಬೆರಳಲ್ಲಿ ಬಾಗಿಸಿದರು. ಬಿಸಿಗೆ ಒಣಗಿ ಬಿರುಕು ಬಿಟ್ಟಿತ್ತು. ಗೇಣುದ್ದದ ರಬ್ಬರ್ ಪೈಪಿನಲ್ಲಿ ರಿಪೇರಿ ಮುಗಿಯಿತು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಕಟ್ಟಿಕೊಂಡರೂ ಅವರು ತಂತಿ ಹಾಕಿ ಚುಚ್ಚುವುದಿಲ್ಲ, ರಂಧ್ರ ದೊಡ್ಡದಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ಅಂತ. ಗಾಳಿ ಹೊಡೆದೇ ಬಿಡಿಸುತ್ತಾರೆ. ಅವರಿಗೆ ವಯಸ್ಸಾಗುತ್ತಿದೆ, ಜೊತೆಯಲ್ಲಿ ಕಲಿಯುವವರು ಯಾರೂ ಇಲ್ಲ. ನನಗಿರುವ ನಿಜವಾದ ಚಿಂತೆ ಅದು.

ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಶಬ್ದ ಒಂದು ಹದಕ್ಕೆ ಬರುವತನಕ ಬಿಡುತ್ತೇನೆ. ಸೀಟಿನ ಕೆಳಗೇ ಇಂಜಿನ್ ಇರುವುದರಿಂದ ಬೇಸಿಗೆಯಲ್ಲಿ ಬೆವರು ಸುರಿಯುತ್ತದೆ ನಿಜ. ಆಷಾಢದ ಮಳೆಯಲ್ಲಿ ನೆನೆದು ಬಂದು ಕೂತಾಗ ಆ ಶಾಖ ಬಲು ಹಿತ, ಬೇರಾವ ಕಾರಿನಲ್ಲೂ ನನಗದು ಸಿಕ್ಕಿಲ್ಲ.

ಖರ್ಚಿನ ಮಾತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದರ ಮೇಲೆ ಟಿಂಕರಿಂಗ್ (ತಗಡಿನ ಕೆಲಸ), ಪೇಂಟ್, ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ. ನಮ್ಮಂಥ ಸಣ್ಣ ತೋಟದವರಿಗೆ ಹೊಸ ಗಾಡಿಯ ಕಂತಿಗಿಂತ ಇದೇ ಹಗುರ. ಆದರೆ ಹೈವೇಗೆ ನಾನು ಇದನ್ನು ಒಯ್ಯುವುದಿಲ್ಲ. ಡಿಕ್ಕಿಯಾದರೆ ಕಾಲಿನ ಮುಂದೆ ಇಂಜಿನ್ನಿನ ಅಡ್ಡವೂ ಇಲ್ಲ, ಬರೀ ತಗಡು. ಊರು, ತೋಟ, ಪೇಟೆ, ಅಷ್ಟೇ.

ಸೆಕೆಂಡ್ ಹ್ಯಾಂಡ್ ಓಮ್ನಿ ನೋಡಲು ಹೋಗುವವರು ಇಂಜಿನ್ ಶಬ್ದಕ್ಕೆ ಮರುಳಾಗಬೇಡಿ. ಬಾಗಿಲು ಅರ್ಧ ತೆರೆದು, ಎರಡೂ ಕೈಯಿಂದ ಮೇಲಕ್ಕೆತ್ತಿ. ಲಟಕ್ ಅಂತ ಎದ್ದರೆ ರೋಲರ್ ಹೋಗಿದೆ, ಅದನ್ನು ಮಾಡಿಸಬಹುದು. ಕೆಳಗಿನ ರೈಲಿನ ಸುತ್ತ ತಗಡು ತುಕ್ಕು ತಿಂದು ಸ್ಕ್ರೂಡ್ರೈವರ್ ಒಳಗೆ ಇಳಿದರೆ, ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ.